ಒಳಗಿನ ಹಲ್ಲು, ಯಾರಿಗೆ ಕಾಣ್ಬೇಕು?

ದಾವಣಗೆರೆ, 12-11-2024, ಮಂಗಳವಾರ

ಅವ್ವನ ಹಲ್ಲಿನ ಸೆಟ್ಟು ತೋರಿಸೋಕೆ ಅಂತ ಹೋದವಳು, ನನ್ನ ಹಲ್ಲಿನ ಅಳತೆ ಕೊಟ್ಟು ಬಂದೆ.

ಮೂರು ವರ್ಷದ ಹಿಂದೆ ಕಟ್ಟಿಸಿದ ಆ ಸೆಟ್ಟು ಈಗ ಹೆಚ್ಚು ಹೊತ್ತು ಇರೋದು ಸ್ಟೀಲ್ ಡಬ್ಬಿಯಲ್ಲೇ. ಮದುವೆ, ಗೃಹಪ್ರವೇಶ ಅಂದ್ರೆ ಬಾಯಿಗೆ ಬರುತ್ತೆ, ಊಟಕ್ಕೆ ಕೂತ ತಕ್ಷಣ ಸೆರಗಿನ ಮರೆಯಲ್ಲಿ ಕೈಗೆ ಇಳಿಯುತ್ತೆ. ಖಡಕ್ ರೊಟ್ಟಿಯನ್ನ ಸಾರಲ್ಲಿ ನೆನೆಸಿ ನುಂಗ್ತಾಳೆ. ಶೇಂಗಾ, ಹಸಿ ಸೌತೆಕಾಯಿ, ಮೊಳಕೆಕಾಳು ಬಿಟ್ಟು ಎಷ್ಟು ದಿನ ಆಯ್ತೋ. ಅನ್ನ-ಸಾರು, ಚಾದಲ್ಲಿ ಅದ್ದಿದ ಬಿಸ್ಕತ್ತು, ಇಷ್ಟೇ. ಶುಗರ್ ಇರೋ ಹೆಂಗಸಿಗೆ ಯಾವುದು ಕಮ್ಮಿ ಆಗಬೇಕಿತ್ತೋ ಅದೇ ಹೊಟ್ಟೆ ತುಂಬ. ಕಟವಾಯಿ ಯಾವಾಗ್ಲೂ ಬಿರಿದು ಹುಣ್ಣು. ಅವಳ ರವಿಕೆ ತೋಳು ಸಡಿಲ ಆಗಿದ್ದನ್ನ ನಾನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ.

ನಮ್ಮೂರಲ್ಲಿ ಎರಡು ದಂತ ಕಾಲೇಜು ಇದ್ದೂ ಇಷ್ಟು ದಿನ ತಡ ಮಾಡಿದ್ದು ಯಾಕೆ ಅಂತ ನನ್ನನ್ನೇ ಕೇಳಬೇಕು. ಅಲ್ಲಿ ಪಿ.ಜಿ. ಓದೋ ಹುಡುಗಿ ಡಾಕ್ಟ್ರು ಸೆಟ್ಟು ಹಾಕಿ, ತೆಗೆದು ನೋಡಿ, "ಅಜ್ಜಿ, ಇದನ್ನ ಹೆಂಗೆ ತೊಳಿತೀರಿ?" ಅಂದ್ಲು. "ಕುದಿಯೋ ನೀರಾಗೆ ಹಾಕ್ತೀನವ್ವಾ, ಕ್ಲೀನ್ ಆಗ್ಲಿ ಅಂತ." ಬಿಸಿನೀರಿಗೆ ಆ ಪ್ಲಾಸ್ಟಿಕ್ ಸೊಟ್ಟಗಾಗುತ್ತಂತೆ. ತಣ್ಣೀರಲ್ಲಿ ಬ್ರಷ್‌ನಿಂದ ತೊಳೆದು, ರಾತ್ರಿ ತೆಗೆದು ನೀರಲ್ಲಿ ಇಡಬೇಕು.

ಆದ್ರೆ ಸಡಿಲ ಆಗಿದ್ದಕ್ಕೆ ಅದೊಂದೇ ಕಾರಣ ಅಲ್ಲ. ಹಲ್ಲಿನ ಬೇರು ಇರೋ ತನಕ ದವಡೆ ಎಲುಬಿಗೆ ಕೆಲಸ. ಹಲ್ಲು ಹೋದ್ರೆ ಎಲುಬು ಕರಗ್ತಾ ಹೋಗುತ್ತೆ. ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನ, ಪೂರ್ತಿ ನಿಲ್ಲೋದಂತೂ ಇಲ್ಲ. ಮೇಲಿನ ಸೆಟ್ಟು ಅಂಗುಳಕ್ಕೆ ಕಚ್ಚಿ ನಿಲ್ಲುತ್ತೆ. ಕೆಳಗಿನದಕ್ಕೆ ಆ ಹಿಡಿತ ಇಲ್ಲ, ಮೇಲೆ ನಾಲಿಗೆ ಬೇರೆ ನೂಕುತ್ತೆ. ಅದಕ್ಕೊಂದು ದಾರಿ ಹೇಳಿದ್ರು: ಕೆಳ ದವಡೆಗೆ ಎರಡು ಟೈಟಾನಿಯಂ ಸ್ಕ್ರೂ ಕೂರಿಸಿ, ರವಿಕೆಗೆ ಟಿಚ್ ಬಟನ್ ಒತ್ತಿದ ಹಾಗೆ ಸೆಟ್ಟನ್ನ ಅದರ ಮೇಲೆ ಒತ್ತೋದು. ಅವ್ವ ಕೇಳಿಸಿಕೊಂಡು, "ನನ್ನ ಗದ್ದಕ್ಕೆ ಮೊಳೆ ಹೊಡಿಯೋದು ಬ್ಯಾಡ ತಗಿ" ಅಂದ್ಲು. ಸದ್ಯಕ್ಕೆ ಹಳೇ ಸೆಟ್ಟಿಗೆ ಒಳಪದರ ಹಾಕಿ ಬಿಗಿ ಮಾಡ್ತಾರೆ.

ಅಷ್ಟರಲ್ಲಿ ನಾನು ಆಕಳಿಸಿದೆ. ಕಿವಿ ಹತ್ರ ಟಕ್ ಅಂತು. ಡಾಕ್ಟ್ರು ತಿರುಗಿ, "ಆಂಟಿ, ನೀವು ಒಂದೇ ಕಡೆ ಅಗಿತೀರಾ?"

2018ರಲ್ಲಿ ಬಲಗಡೆ ಕೆಳಗಿನ ದವಡೆ ಹಲ್ಲು ಕೀಳಿಸಿದ್ದೆ. ಆರನೇ ವಯಸ್ಸಿಗೆ ಹುಟ್ಟುತ್ತಲ್ಲ, ಆ ಹಲ್ಲು. ಹುಳುಕು ಒಳಗೆ ಇಳಿದಿತ್ತು. ರೂಟ್ ಕೆನಾಲ್, ಕ್ಯಾಪು ಅಂದ್ರು, ಮಗನ ಫೀಸ್ ಕಟ್ಟೋ ತಿಂಗಳು, ಕಿತ್ತುಬಿಡಿ ಅಂದೆ. ಬೇರೆ ಹಲ್ಲು ಹಾಕಿಸಿ ಅಂತ ಆಗಲೇ ಹೇಳಿದ್ರು. ಒಳಗಿನ ಹಲ್ಲು, ಯಾರಿಗೆ ಕಾಣ್ಬೇಕು ಅಂತ ಬಿಟ್ಟೆ.

ದೋಸೆ ಹಿಟ್ಟಿಗಿಂತ ಗಟ್ಟಿ, ಗುಲಾಬಿ ಬಣ್ಣದ್ದೇನೋ ತಟ್ಟೆಗೆ ತುಂಬಿ ಬಾಯಿಗೆ ಒತ್ತಿದ್ರು. ಅದರ ಮೇಲೆ ಹೊಯ್ದ ಬಿಳಿ ಅಚ್ಚು ಒಣಗಿದ ಮೇಲೆ ಕೈಗೆ ಕೊಟ್ರು. ನನ್ನದೇ ಬಾಯಿ, ನನಗೇ ಗುರುತು ಸಿಗಲಿಲ್ಲ. ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿದೆ, ರಾತ್ರಿ ಬಸ್ಸಲ್ಲಿ ಪಕ್ಕದವರ ಹೆಗಲಿಗೆ ಬೀಳೋರ ಹಾಗೆ. ಮೇಲಿನದು ಎದುರಿಗೆ ತಡೆ ಇಲ್ಲದೆ ಕೆಳಗೆ ಇಳಿದಿದೆ. ವಾಲಿದ ಹಲ್ಲಿನ ಸಂದಿಯಲ್ಲಿ ಊಟ ಸಿಕ್ಕಿ ಅಲ್ಲೂ ಹುಳುಕು ಶುರು. ಎಡಗಡೆ ಹಲ್ಲುಗಳ ತಲೆ ಸವೆದು ಚಪ್ಪಟೆ.

ಬ್ರಿಜ್ ಅಂದ್ರೆ ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ಖಾಲಿ ಜಾಗಕ್ಕೆ ಕೂರಿಸೋ ಹಲ್ಲು. ಅದಕ್ಕೆ ಆ ಎರಡು ಹಲ್ಲು ತೇಯ್ದು ಸಣ್ಣ ಮಾಡಬೇಕು, ವಾಲಿದ ಹಲ್ಲನ್ನ ಜಾಸ್ತಿನೇ. ನನಗೆ ಮನಸ್ಸಿಲ್ಲ. ತೆಗೆದು ಹಾಕೋ ಒಂಟಿ ಹಲ್ಲು ಅಗ್ಗ, ಆದ್ರೆ ಅವ್ವನ ಡಬ್ಬಿ ಪಕ್ಕ ನನ್ನದೂ ಒಂದು ಡಬ್ಬಿ ಬೇಡ. ಉಳಿದಿದ್ದು ಇಂಪ್ಲಾಂಟ್, ಅವ್ವನಿಗೆ ಹೇಳಿದಂಥದೇ ಟೈಟಾನಿಯಂ ಸ್ಕ್ರೂ ಎಲುಬಿಗೆ ಕೂರಿಸಿ ಅದರ ಮೇಲೆ ಹಲ್ಲು ಕಟ್ಟೋದು. ಬ್ರೊನೆಮಾರ್ಕ್ ಅನ್ನೋ ಸ್ವೀಡನ್ ವಿಜ್ಞಾನಿ ಮೊಲದ ಎಲುಬಿಗೆ ಟೈಟಾನಿಯಂ ಇಟ್ಟು, ಆಮೇಲೆ ತೆಗೆಯೋಕೆ ಹೋದ್ರೆ ಬರಲೇ ಇಲ್ಲವಂತೆ, ಎಲುಬು ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ಸಲ ಮನುಷ್ಯನ ದವಡೆಗೆ ಹಾಕಿದ್ರು. ಈಗಲೂ ಬೆಸೆಯೋಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ನನ್ನ ಕೇಸಲ್ಲಿ ಎಲುಬು ಎಷ್ಟು ಉಳಿದಿದೆ ಅಂತ ಮೊದಲು ಸ್ಕ್ಯಾನ್. ಕಮ್ಮಿ ಇದ್ರೆ ಎಲುಬು ತುಂಬಬೇಕು. ಮೇಲಿಂದ ಇಳಿದಿರೋ ಹಲ್ಲನ್ನೂ ತೇಯ್ದು ಹೊಸದಕ್ಕೆ ಜಾಗ ಬಿಡಿಸಬೇಕು. ಆವತ್ತು ಉಳಿಸಿದ ರೂಟ್ ಕೆನಾಲ್ ದುಡ್ಡು ಎಲ್ಲಿಗೆ ಹೋಯ್ತು ಅಂತ ಮನೆಯವರು ಕೇಳಲಿಲ್ಲ, ಪುಣ್ಯ.

ಬರ್ತಾ ದಾರೀಲಿ ಮಂಡಕ್ಕಿ-ಮಿರ್ಚಿ ಕಟ್ಟಿಸಿದೆ. ಅವ್ವ ಒಗ್ಗರಣೆ ಮಂಡಕ್ಕಿಯನ್ನ ಹಾಗೇ ಮುಚ್ಚಿಟ್ಟು ಮೆತ್ತಗಾದ ಮೇಲೆ ತಿಂದಳು. ನಾನು ಮಿರ್ಚಿ ಕಚ್ಚಿದಾಗ ನಾಲಿಗೆ ತಾನಾಗೇ ತುತ್ತನ್ನ ಎಡಕ್ಕೆ ಸರಿಸಿತು. ಆರು ವರ್ಷದಿಂದ ಸರಿಸ್ತಾನೇ ಇತ್ತೇನೋ, ಇವತ್ತು ಕಂಡಿತು.

ಗುರುವಾರ ಅವ್ವನ ಸೆಟ್ಟು, ನನ್ನ ಸ್ಕ್ಯಾನು. ಮೂರು ತಿಂಗಳ ಸರಾಸರಿ ತೋರಿಸೋ ಶುಗರ್ ರಿಪೋರ್ಟ್ ನನ್ನದೂ ತರಬೇಕಂತೆ.