ಹೌದು, ಬಣ್ಣವಿಲ್ಲದ ಪುಸ್ತಕಕ್ಕೇ ದುಡ್ಡು ಕೊಟ್ಟಿದ್ದೇನೆ

“ಎಲ್ಲವೂ ಫೋನಿನಲ್ಲಿ ಸಿಗುವಾಗ, ಬಣ್ಣವೇ ಇಲ್ಲದ ಬೆಟ್ಟಗುಡ್ಡಗಳ ಪುಸ್ತಕಕ್ಕೆ ಸಾವಿರಾರು ರೂಪಾಯಿ ಸುರಿಯುವುದೇಕೆ?” ಉಡುಪಿಯಲ್ಲಿ ನನ್ನ ಪರಿಚಯದವರೆಲ್ಲ ಕೇಳುವ ಪ್ರಶ್ನೆ ಇದು. ಫೋಟೋ ತೆಗೆಯಲು ನನಗೆ ಪ್ರೇರಣೆ ಸಿಗುವುದು ಆ ಪುಸ್ತಕಗಳಿಂದಲೇ ಎಂದು ಮೊದಮೊದಲು ವಿನಯದಿಂದ ಹೇಳುತ್ತಿದ್ದೆ. ಆ ವಿನಯದ ದಾಸ್ತಾನು ಈಗ ಮುಗಿದಿದೆ.

ಕೇಳುವುದಕ್ಕೆ ನನ್ನ ಆಕ್ಷೇಪವಿಲ್ಲ, ಕೇಳುವ ಧಾಟಿಗೆ ಇದೆ. ಒಮ್ಮೆ ಮನೆಯಲ್ಲಿ ಪೂಜೆಯ ಊಟವಾದ ಮೇಲೆ, ಸಂಬಂಧದಲ್ಲಿ ನನಗೆ ಭಾವನಾಗಬೇಕಾದವರೊಬ್ಬರು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಕಪ್ಪು-ಬಿಳುಪು ಚಿತ್ರಗಳ ಪುಸ್ತಕವನ್ನು ಕಪಾಟಿನಿಂದ ತೆಗೆದು, ಹೋಳಿಗೆಯ ತುಪ್ಪ ಆರದ ಬೆರಳಿನಲ್ಲೇ ಪುಟ ತಿರುವುತ್ತ, “ಎಂಥ ಮಾರಾಯ್ರೆ, ಕಲರ್ ಪ್ರಿಂಟ್ ಮಾಡ್ಲಿಕ್ಕೆ ಅವರ ಹತ್ರ ಹಣ ಇರ್ಲಿಲ್ವಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಕಣ್ಣು ಆ ಬೆರಳಿನ ಮೇಲೆಯೇ ಇತ್ತು. ಅವರು ಅಲ್ಲಿಗೆ ಬಿಡಲಿಲ್ಲ. “ನಮ್ಮ ಊರು ಇಷ್ಟು ಹಸುರು ಉಂಟು, ಅದನ್ನೂ ನೀವು ಬೂದಿ ಮಾಡಿ ತೋರಿಸುವುದು ಯಾಕೆ ಭಾವ?”

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಕರಿ ಶಾಯಿಯೊಂದರಿಂದಲೇ ಅಚ್ಚು ಮಾಡಿದರೆ ನೆರಳಿನ ಭಾಗಗಳು ಸಾಮಾನ್ಯವಾಗಿ ಸೊರಗುತ್ತವೆ. ಆದ್ದರಿಂದ ಒಳ್ಳೆಯ ಪುಸ್ತಕಗಳನ್ನು ಹೆಚ್ಚಾಗಿ ಡ್ಯುಯೋಟೋನ್ ಅಥವಾ ಟ್ರೈಟೋನ್‌ನಲ್ಲಿ, ಅಂದರೆ ಕಪ್ಪಿನ ಜೊತೆಗೆ ಒಂದೋ ಎರಡೋ ಬೂದು ಶಾಯಿಗಳನ್ನು ಸೇರಿಸಿ ಮುದ್ರಿಸುತ್ತಾರೆ. ಫೋನಿನಲ್ಲಿ ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದನ್ನು ನಿಮ್ಮ ಪರದೆಯ ಬ್ರೈಟ್‌ನೆಸ್ ನಿರ್ಧರಿಸುತ್ತದೆ. ಪುಸ್ತಕದಲ್ಲಿ ಅದನ್ನು ಛಾಯಾಗ್ರಾಹಕನೂ ಮುದ್ರಕನೂ ಕೂಡಿ ನಿರ್ಧರಿಸಿಯಾಗಿದೆ. ನಾನು ದುಡ್ಡು ಕೊಡುವುದು ಆ ನಿರ್ಧಾರಕ್ಕೆ.

ಹಸುರಿನ ಪ್ರಶ್ನೆಗೆ ಬದಲು ಭಾವ ಬೇರೊಂದನ್ನು ಕೇಳಬಹುದಿತ್ತು: ಹಾಡುಹಗಲಿನಲ್ಲಿ ಆ ಬಂಡೆಯ ಹಿಂದಿನ ಆಕಾಶ ಅಷ್ಟು ಕಪ್ಪಾದದ್ದು ಹೇಗೆ? ಅವರು ತಿರುವಿ ಹಾಕಿದ ಪುಟಗಳಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಆ ಬಂಡೆ ಕೂಡ ಇತ್ತು. 1927ರ ಏಪ್ರಿಲ್‌ನಲ್ಲಿ ಆಡಮ್ಸ್ ಅದರೆದುರು ನಿಂತಾಗ ಅವರ ಬಳಿ ಉಳಿದಿದ್ದದ್ದು ಫಿಲ್ಮಿನಂತೆ ಬಳಸುವ ಎರಡೇ ಗಾಜಿನ ಪ್ಲೇಟುಗಳು. ಮೊದಲನೆಯದನ್ನು ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ ತೆಗೆದರು. ಆಕಾಶ ತಮಗೆ ಬೇಕಾದಷ್ಟು ಕಪ್ಪಾಗಲಾರದು ಅನ್ನಿಸಿ, ಕೊನೆಯದಕ್ಕೆ ಕಡುಗೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುವುದರಿಂದ ಆಕಾಶ ಕತ್ತಲಾಯಿತು.

ಅದನ್ನು ನಮ್ಮ ಪದವುಗಳಿಗೆ, ಅಂದರೆ ಕೆಂಪುಕಲ್ಲಿನ ಎತ್ತರದ ಬಯಲುಗಳಿಗೆ ತನ್ನಿ. ಕೆಂಪುಕಲ್ಲು ಮತ್ತು ಹಸುರು ಹುಲ್ಲು ಕಣ್ಣಿಗೆ ಎಷ್ಟೇ ಬೇರೆಯಾಗಿದ್ದರೂ ಕಪ್ಪು-ಬಿಳುಪಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಆಗಿಬಿಡಬಹುದು. ಕೆಂಪು ಫಿಲ್ಟರ್ ಹಾಕಿದರೆ ಕಲ್ಲು ಬೆಳಗಿ ಹುಲ್ಲು ಕಪ್ಪಾಗುತ್ತದೆ, ಹಸುರು ಫಿಲ್ಟರ್ ಹಾಕಿದರೆ ಅದಕ್ಕೆ ಉಲ್ಟಾ. ಯಾವುದು ಎದ್ದು ಕಾಣಬೇಕು ಎಂಬುದನ್ನು ಊರಿನ ಬಣ್ಣ ಹೇಳುವುದಿಲ್ಲ, ನಾನೇ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಹಸುರು ಎಷ್ಟು ದಟ್ಟವೆಂದರೆ, ಬಣ್ಣದ ಚಿತ್ರದಲ್ಲಿ ಅದರ ಎದುರು ಉಳಿದದ್ದು ಯಾವುದೂ ಕಾಣುವುದೇ ಇಲ್ಲ.

ಆದರೆ ತುಳುವಿನ ಆಟಿ ತಿಂಗಳ ಮಳೆಯಲ್ಲಿ ಆಡಮ್ಸ್ ಉಪಯೋಗಕ್ಕೆ ಬರುವುದಿಲ್ಲ. ನೀಲಿಯೇ ಇಲ್ಲದ ಮೋಡವನ್ನು ಯಾವ ಕೆಂಪು ಗಾಜೂ ಕಪ್ಪಾಗಿಸಲಾರದು. ಆಗ ನಾನು ತೆರೆಯುವುದು ಇಂಗ್ಲೆಂಡ್ ಮೂಲದ ಛಾಯಾಗ್ರಾಹಕ ಮೈಕೆಲ್ ಕೆನ್ನಾ ಅವರು ಜಪಾನಿನ ಹೊಕ್ಕೈಡೋದಲ್ಲಿ ತೆಗೆದ ಹಿಮದ ಚಿತ್ರಗಳನ್ನು. ಪುಟದ ಬಹುಭಾಗವನ್ನು ಬಿಳುಪಿಗೇ ಬಿಟ್ಟು, ಕೆಲವೇ ಮರಗಳನ್ನೋ ಬೇಲಿಯೊಂದನ್ನೋ ನಿಲ್ಲಿಸುವ ಧೈರ್ಯ ಅಲ್ಲಿದೆ. ನಮ್ಮಲ್ಲಿ ಹಿಮವಿಲ್ಲ, ನಿಜ. ಆದರೆ ಮಲ್ಪೆಯ ಪಡುಕೆರೆಯಲ್ಲಿ ಮಳೆ ಕಟ್ಟಿದಾಗ ಕಡಲೂ ಆಕಾಶವೂ ಒಂದಾಗಿ, ಗಾಳಿಮರಗಳು ಮಾತ್ರ ಉಳಿಯುತ್ತವೆ. ಆ ಆಕಾಶ ಪೂರ್ತಿ ಬಿಳಿಯಾಗಿಬಿಟ್ಟರೆ ಚಿತ್ರ ಸತ್ತಂತೆ. ಮುದ್ರಿತ ಪುಟದಲ್ಲಿ ಇದನ್ನು ಅಳೆಯುವುದು ಸುಲಭ: ಚಿತ್ರದ ಅತ್ಯಂತ ತೆಳು ಬೂದಿನಲ್ಲೂ ಚೂರು ಶಾಯಿ ಇರುತ್ತದೆ, ಸುತ್ತಲಿನ ಖಾಲಿ ಅಂಚಿನಲ್ಲಿ ಇರುವುದಿಲ್ಲ.