ಒಂದೇ ಸಗಣಿ, ಎರಡು ದಾರಿ: ರಾಶಿ ಮತ್ತು ಡ್ರಮ್ಮಿನ ಪ್ರಯೋಗ, ಇಲ್ಲಿಯವರೆಗೆ

ನವೆಂಬರ್ ಕೊನೆ

ಗೊಬ್ಬರದ ರಾಶಿಯ ನಡುವಿನ ಸೆನ್ಸರ್ 63 ಡಿಗ್ರಿ ತೋರಿಸುತ್ತಿದೆ. ಪಕ್ಕದಲ್ಲೇ ಇರುವ ಗೋಬರ್ ಗ್ಯಾಸ್ ಡ್ರಮ್ಮಿನೊಳಗೆ ಬರೀ 24. ಎರಡಕ್ಕೂ ಹಾಕಿದ್ದು ನಮ್ಮ ಕೊಟ್ಟಿಗೆಯದೇ ಸಗಣಿ. ಒಂದಕ್ಕೆ ಗಾಳಿ ಬಿಟ್ಟಿದ್ದೇನೆ, ಇನ್ನೊಂದಕ್ಕೆ ಬಿಟ್ಟಿಲ್ಲ. ಸಗಣಿಯೊಳಗಿನ ಶಕ್ತಿ ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಅಂತ ಅಳೆದು ನೋಡಬೇಕು. ಅದಕ್ಕೇ ಈ ಕೆಲಸ.

ಮೊದಲು ರಾಶಿ. ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಮೀಟರ್. ಇದಕ್ಕಿಂತ ಚಿಕ್ಕದಾದರೆ ಹುಟ್ಟಿದ ಬಿಸಿ ಒಳಗೆ ನಿಲ್ಲುವುದಿಲ್ಲ. ಒಂದು ಪದರ ದರಕು (ಒಣಗಿದ ಎಲೆ), ಅದರ ಮೇಲೆ ಸಗಣಿ, ಆಮೇಲೆ ಅಡಿಕೆ ಸಿಪ್ಪೆ, ಹಸಿ ಸೊಪ್ಪು. ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರ ಲೆಕ್ಕದಲ್ಲಿ ಇರುವ ಹಾಗೆ ಹಾಕಿದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ನೀರು ಇಳಿಯಬಾರದು. ತೇವ ಅಷ್ಟಿದ್ದರೆ ಸಾಕು.

ವಾರ ತುಂಬುವ ಮೊದಲೇ 55 ದಾಟಿತು. ಸುಮಾರು 40 ಡಿಗ್ರಿವರೆಗೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಬೇರೆ, ಅಲ್ಲಿಂದ ಮೇಲಿನವೇ ಬೇರೆ. ಮೊದಲಿನವು ತಾವೇ ಎಬ್ಬಿಸಿದ ಬಿಸಿ ತಾಳಲಾರದೆ ಹಿಂದೆ ಸರಿಯುತ್ತವೆ. ಸೆಕೆಯನ್ನೇ ಇಷ್ಟಪಡುವ ಬ್ಯಾಕ್ಟೀರಿಯಾ ಆ ಜಾಗಕ್ಕೆ ಬರುತ್ತವೆ. ನಿನ್ನೆ ಹಾರೆ ಹಾಕಿ ಪಕ್ಕವನ್ನು ಸ್ವಲ್ಪ ಬಿಡಿಸಿದೆ. ಒಂದು ಗೇಣು ಒಳಗೆ ದರಕಿನ ಮೇಲೆಲ್ಲ ಬೂದಿ ಎರಚಿದ ಹಾಗೆ ಬಿಳಿಚು ಪುಡಿ. ಅದು ಆಕ್ಟಿನೋಮೈಸೀಟ್ ಎಂಬ ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳ ಬೆಳವಣಿಗೆ. ಗಟ್ಟಿ ನಾರನ್ನು ಮುರಿಯುವುದರಲ್ಲಿ ಇವು ಗಟ್ಟಿಗರು. ಎಲೆ ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ, ಜೊತೆಗೆ ಮಳೆ ಬಿದ್ದ ಮಣ್ಣಿನ ವಾಸನೆ.

ಈ ಬಿಸಿ ಎಲ್ಲಿಂದ ಬಂತು? ನಾರು ಅಂದರೆ ಬಹುಪಾಲು ಸೆಲ್ಯುಲೋಸ್. ಅದನ್ನು ಬಿಡಿಸಿದರೆ ಸಿಗುವುದು ಗ್ಲೂಕೋಸ್. ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ), ಅಂದರೆ 180 ಗ್ರಾಂ ಗ್ಲೂಕೋಸ್ ಆಮ್ಲಜನಕದ ಜೊತೆ ಪೂರ್ತಿ ಸೇರಿದರೆ ಸುಮಾರು 2,800 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಜೀವಕೋಶ ಇದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಎಟಿಪಿ ಎಂಬ ಅಣುವಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದು ಆಗಲೇ ಬಿಸಿಯಾಗಿ ಹೋಗುತ್ತದೆ. ಹಿಡಿದಿಟ್ಟದ್ದೂ ಖರ್ಚಾಗುತ್ತಾ ಬಹುಪಾಲು ಬಿಸಿಯೇ ಆಗುತ್ತದೆ. ನಮ್ಮ ಮೈ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಸುಮ್ನೆ ಕೂತ ಮನುಷ್ಯ ಹೆಚ್ಚುಕಡಿಮೆ 100 ವಾಟ್ ಬಿಸಿ ಬಿಡುತ್ತಾನೆ. 1780ರ ದಶಕದ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಇಟ್ಟು, ಎಷ್ಟು ಮಂಜು ಕರಗಿತು ಅಂತ ಅಳೆದರು. ಆಮೇಲೆ ಇದ್ದಿಲು ಸುಟ್ಟಾಗ ಬರುವ ಬಿಸಿಯ ಜೊತೆ ಹೋಲಿಸಿದರು. ಉಸಿರಾಟವೂ ನಿಧಾನವಾಗಿ ಉರಿಯುವುದೇ ಅಂತ ಅವರು ಹೇಳಿದ್ದು ಇದರಿಂದ. ಸೆನ್ಸರ್ ನೋಡುವಾಗಲೆಲ್ಲ ನನಗೆ ಆ ಪಾತ್ರೆಯದೇ ಯೋಚನೆ.

ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ತಾನಾಗಿ ಬೆಂಕಿ ಹತ್ತುವುದುಂಟು. ಶುರು ಮಾಡುವವು ಇದೇ ಜೀವಿಗಳು. ಹಾಗಾಗಿ ರಾಶಿಯನ್ನು ಹುಲ್ಲಿನ ಅಟ್ಟದಿಂದ ದೂರ ಹಾಕಿದ್ದೇನೆ.

ಡಿಸೆಂಬರ್

ಈಗ ಡ್ರಮ್ಮು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಸಮ ಸಮ ಸಗಣಿ ಮತ್ತು ನೀರು, ಗ್ಯಾಸ್ ತುಂಬಲು ಟ್ರ್ಯಾಕ್ಟರ್ ಟ್ಯೂಬ್. ಹೊಸದಾಗಿ ಬೇರೇನೂ ಬೆರೆಸಬೇಕಾಗಿಲ್ಲ. ಮೀಥೇನ್, ಅಂದರೆ ಈ ಗ್ಯಾಸಿನಲ್ಲಿ ಉರಿಯುವ ಭಾಗ, ಅದನ್ನು ಮಾಡುವ ಜೀವಿಗಳು ಹಸುವಿನ ಹೊಟ್ಟೆಯಲ್ಲೇ ಇರುತ್ತವೆ, ಸಗಣಿಯ ಜೊತೆ ಬಂದಿರುತ್ತವೆ. ಮೊದಲು ಬಂದ ಗ್ಯಾಸ್ ಬಯಲಿಗೆ ಬಿಟ್ಟುಬಿಟ್ಟೆ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಉರಿಯುವುದಿಲ್ಲ. ಒಳಗೆ ಗಾಳಿಯೂ ಉಳಿದಿರುತ್ತದೆ, ಗಾಳಿ ಬೆರೆತ ಮೀಥೇನ್‌ಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಮಾಡಲು ಹೊರಟವರು ಈ ಹೆಜ್ಜೆ ಬಿಡಲೇಬೇಡಿ.

ಈಗ ಉರಿ ಚೆನ್ನಾಗಿದೆ. ನೀಲಿ, ಬಿಸಿಲಲ್ಲಿ ಕಾಣುವುದೇ ಕಷ್ಟ. ಕೊಳೆತ ಮೊಟ್ಟೆಯ ವಾಸನೆ ಹೋಗಲಿ ಅಂತ ಪೈಪಿನಲ್ಲಿ ಕಬ್ಬಿಣದ ನಾರು ತುರುಕಿದ್ದೇನೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಕಬ್ಬಿಣಕ್ಕೆ ಅಂಟಿಕೊಂಡು ಕಪ್ಪಾಗುತ್ತದೆ. ಒಂದು ಕೆಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. ಅಷ್ಟರಲ್ಲಿ ಸುಮಾರು 840 ಕಿಲೋಜೂಲ್ ಇರುತ್ತದೆ. ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ತರಲು ಬೇಕಾದದ್ದು 314. ಒಲೆಯಲ್ಲಿ ಅರ್ಧಕ್ಕರ್ಧ ಪೋಲಾದರೂ ನೀರು ಕುದಿಯಬೇಕು. ಕುದಿಯಿತು, ಚಹಾವೂ ಆಯಿತು.

ಹಾಗಾದರೆ ಡ್ರಮ್ಮು ಯಾಕೆ ತಣ್ಣಗಿದೆ? ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಗಾಳಿ ಇಲ್ಲದೆ ಒಂದು ಮೋಲ್ ಗ್ಲೂಕೋಸ್ ಒಡೆದರೆ ಮೂರು ಮೋಲ್ ಮೀಥೇನ್, ಮೂರು ಮೋಲ್ ಇಂಗಾಲದ ಡೈಆಕ್ಸೈಡ್. ಮೀಥೇನ್ ಒಂದೊಂದು ಮೋಲ್ ಉರಿದರೆ 890 ಕಿಲೋಜೂಲ್, ಮೂರಕ್ಕೆ 2,670. ಗ್ಲೂಕೋಸಿನಲ್ಲಿ ಇದ್ದದ್ದೇ 2,800! ನೂರಕ್ಕೆ 95 ಪಾಲು ಮೀಥೇನಿನಲ್ಲೇ ಭದ್ರವಾಗಿದೆ. ಡ್ರಮ್ಮಿನಲ್ಲಿ ಬಿಸಿಯಾಗುವುದಕ್ಕೆ ಉಳಿದದ್ದು ಬಹಳ ಕಡಿಮೆ. ರಾಶಿಯಲ್ಲಿ ಅಲ್ಲಲ್ಲೇ ಬಿಸಿಯಾಗಿ ಮುಗಿದುಹೋಗುವ ಶಕ್ತಿ ಇಲ್ಲಿ ಟ್ಯೂಬಿನಲ್ಲಿ ಕೂತು ಒಲೆಗಾಗಿ ಕಾಯುತ್ತದೆ. ಯಾವ ದಾರಿ ಹಿಡಿದರೂ ಕೊನೆಯ ಮೊತ್ತ ಒಂದೇ ಅಂತ 1840ರಲ್ಲಿ ರಸಾಯನಶಾಸ್ತ್ರಜ್ಞ ಹೆಸ್ ಹೇಳಿದ್ದ. ಅದು ನಮ್ಮ ಹಿತ್ತಲಲ್ಲೂ ನಿಜ.

ಮೀಥೇನ್ ಮಾಡುವ ಜೀವಿಗಳಿಗೆ ಸಿಗುವುದು ಎಷ್ಟು ಕಡಿಮೆ ಅಂದರೆ, ಒಂದು ಮೋಲ್ ಅಸಿಟೇಟ್ (ವಿನೆಗರ್‌ನ ಆಮ್ಲದ ರೂಪ) ಅನ್ನು ಮೀಥೇನ್ ಮಾಡಿದರೆ ಬಳಸಲು ಸಿಗುವ ಶಕ್ತಿ ಸುಮಾರು 31 ಕಿಲೋಜೂಲ್. ಅದಕ್ಕೇ ಅವು ನಿಧಾನವಾಗಿ ಬೆಳೆಯುತ್ತವೆ, ಅದಕ್ಕೇ ಹೊಸ ಡ್ರಮ್ಮಿಗೆ ವಾರಗಟ್ಟಲೆ ಕಾಯಬೇಕು.

ಈ ಗ್ಯಾಸಿನ ಮೇಲೆ ನಮ್ಮಲ್ಲಿ ದೊಡ್ಡ ಕೆಲಸವೇ ನಡೆದಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿ ಶುರುಮಾಡಿದ, ಹಳ್ಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ತಂಡ, ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲಿ ಊರಿನ ಸಗಣಿಯಿಂದ ಗ್ಯಾಸ್ ಮಾಡಿ, ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಮತ್ತು ನೀರು ಕೊಟ್ಟಿತು. ಸಗಣಿ ಕೊಟ್ಟವರಿಗೆ ಸ್ಲರಿ (ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಬಗ್ಗಡ) ವಾಪಸ್ ಸಿಗುತ್ತಿತ್ತು. ಅದು ಜಾಣ ಲೆಕ್ಕ. ಶಕ್ತಿ ಗ್ಯಾಸಿನಲ್ಲಿ ಹೋದರೂ ಸಾರಜನಕ ಸ್ಲರಿಯಲ್ಲೇ ಉಳಿಯುತ್ತದೆ. ಬಿಸಿ ರಾಶಿಯಲ್ಲಿ ಹಾಗಲ್ಲ, ಮಗುಚಿದಾಗ ಮೂಗಿಗೆ ಹೊಡೆಯುವ ಅಮೋನಿಯಾ ಅಂದರೆ ಗಿಡಕ್ಕೆ ಸಿಗದೆ ಹೋದ ಗೊಬ್ಬರ. ಅಡಿಕೆ ಬುಡಕ್ಕೆ ನಾನು ಸ್ಲರಿಯನ್ನೇ ಆರಿಸುತ್ತೇನೆ.

ಜನವರಿ

ಚಳಿ ಬಂತು. ರಾತ್ರಿ 14 ಡಿಗ್ರಿ. ಮೀಥೇನ್ ಜೀವಿಗಳಿಗೆ 35ರ ಆಸುಪಾಸು ಹಿತ. ಡ್ರಮ್ಮು 20ಕ್ಕೆ ಇಳಿದಿದೆ, ಟ್ಯೂಬ್ ಅರ್ಧವೂ ತುಂಬುತ್ತಿಲ್ಲ. ಪಕ್ಕದಲ್ಲೇ ರಾಶಿ ಬಿಸಿಯನ್ನು ಗಾಳಿಗೆ ಚೆಲ್ಲುತ್ತಿದೆ. ಎರಡನ್ನೂ ಸೇರಿಸಿದೆ: ಡ್ರಮ್ಮಿನ ಸುತ್ತ ಕೋಳಿ ಬಲೆ ಕಟ್ಟಿ, ನಡುವಿನ ಜಾಗಕ್ಕೆ ಎರಡಡಿ ದಪ್ಪ ಹೊಸ ರಾಶಿ ತುಂಬಿದೆ.

ಈಗ ಸುತ್ತಿನ ರಾಶಿ 58, ಸ್ಲರಿ 31. ಟ್ಯೂಬ್ ಬೆಳಗ್ಗೆ ಬಿಗಿಯಾಗಿರುತ್ತದೆ. ರಾಶಿ ತಣಿಯುತ್ತಾ ಬಂದಾಗ ಒಂದೊಂದೇ ಪಕ್ಕ ಬಿಡಿಸಿ ಹೊಸತು ತುಂಬಬೇಕು. ಪಶ್ಚಿಮದ ಪಕ್ಕ ಆಗಲೇ 44ಕ್ಕೆ ಬಂದಿದೆ, ನಾಳೆ ಅದರಿಂದಲೇ ಶುರು. ಗ್ಯಾಸ್ ಮೀಟರ್ ಕೂಡ ಬಂದಿದೆ, ಟ್ಯೂಬ್ ಒತ್ತಿ ನೋಡಿ ಅಂದಾಜು ಮಾಡುವುದು ಇನ್ನು ಸಾಕು. ಮುಂದಿನ ಸಲ ಲೀಟರ್ ಲೆಕ್ಕವನ್ನೇ ಬರೆಯುತ್ತೇನೆ.