ಕ್ಲೋವರ್ ಬೀಜ ಎಲ್ಲಿ ಸಿಗ್ತದ್ರಿ?

"ಸರ್, ಆ ಕ್ಲೋವರ್ ಬೀಜ ನಮ್ಮ ಕಡಿ ಎಲ್ಲಿ ಸಿಗ್ತದ್ರಿ? ಎಕರೆಕ್ಕ ಎಷ್ಟ್ ಕೆಜಿ ಬೇಕ್ರಿ?"

ಕೇಳುವವರು ಎಲ್ಲರೂ ಒಂದೇ ಬಗೆಯ ವಿಡಿಯೊ ನೋಡಿರುತ್ತಾರೆ. ಹಚ್ಚಹಸಿರು ಹೊಲ, ಮೂರೆಲೆಯ ಗಿಡ, ಅದರಲ್ಲಿ ಮೇಯುವ ಮೈತುಂಬಿದ ದನ, ಕೊನೆಗೆ ಒಬ್ಬ ವಿದೇಶಿ ರೈತ ಸನಿಕೆ ತುಂಬ ಕಪ್ಪು ಮಣ್ಣು ಎತ್ತಿ ತೋರಿಸುತ್ತಾನೆ. ಮರುದಿನ ಆಳಂದದಿಂದಲೋ ಔರಾದದಿಂದಲೋ ಶಹಾಪುರದಿಂದಲೋ ಫೋನು. ಹೊಲ ಎಂಥದು, ನೀರಿದೆಯೇ, ದನ ಎಷ್ಟಿವೆ ಎಂಬ ಮಾತೇ ಇಲ್ಲ, ನೇರ ಬೀಜದ ಅಂಗಡಿ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವುದರ ಬದಲು ಒಮ್ಮೆ ಬರೆದಿಡುತ್ತೇನೆ.

ಮಳೆ ನಂಬಿದ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಕ್ಲೋವರ್ ಬೇಡ. ಬೀಜ ಪುಕ್ಕಟೆ ಸಿಕ್ಕರೂ ಬೇಡ.

ಕ್ಲೋವರ್ ಬೇಳೆಕಾಳಿನ ಜಾತಿಗೆ ಸೇರಿದ, ತಂಪು ಸೀಮೆಯ ಮೇವಿನ ಗಿಡ. ವರ್ಷವಿಡೀ ಮೆಲ್ಲಗೆ ಹನಿಯುವ ಮಳೆ, ಆರದ ಮೇಲ್ಮಣ್ಣು, ಕಡಿಮೆ ಬಿಸಿಲು ಅದಕ್ಕೆ ಬೇಕು. ನಮ್ಮ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಎರಿ ಭೂಮಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ಬಿಳಿ ಕ್ಲೋವರಿನ ಮೇಲುಮೇಲಿನ ಬೇರು ಉಳಿಯುವುದಿಲ್ಲ. ಭಾರತದಲ್ಲಿ ನಿಜಕ್ಕೂ ಬೆಳೆಯುವ ಕ್ಲೋವರ್ ಅಂದರೆ ಬರ್ಸೀಮ್, ಈಜಿಪ್ಟ್ ಮೂಲದ ಮೇವಿನ ಬೆಳೆ. ಅದೂ ಉತ್ತರ ಭಾರತದ ಚಳಿಗಾಲದಲ್ಲಿ, ಮೇಲಿಂದ ಮೇಲೆ ನೀರು ಕೊಟ್ಟು ಬೆಳೆಯುವಂಥದು. ಬಾವಿ ನೀರು ಇದ್ದವರು ಹೈನಕ್ಕಾಗಿ ದೀಪಾವಳಿ ಹೊತ್ತಿಗೆ ಒಂದೆರಡು ಗುಂಟೆ ಹಾಕಿ ನೋಡಬಹುದು, ಆದರೆ ಬಿಸಿಲು ಏರಿದಂತೆ ಅದು ಕೈಕೊಡುತ್ತದೆ. ಮೇವೇ ಬೇಕಿದ್ದರೆ ಕುದುರೆಮಸಾಲೆ ನಮ್ಮ ಬಿಸಿಲಿಗೆ ಹೆಚ್ಚು ತಾಳುತ್ತದೆ.

ಇನ್ನೊಂದು ಅಡಚಣೆ ಕಣ್ಣಿಗೆ ಕಾಣುವುದಿಲ್ಲ. ಬೇಳೆಕಾಳಿನ ಜಾತಿಯ ಗಿಡ ತಾನೇ ಗಾಳಿಯಿಂದ ಸಾರಜನಕ ಹಿಡಿಯುವುದಿಲ್ಲ. ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯ ಆ ಕೆಲಸ ಮಾಡುತ್ತದೆ. ಇದನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ತೋರಿಸಿಕೊಟ್ಟರು. ಕ್ಲೋವರಿಗೆ ಅದರದೇ ಬಳಗದ ರೈಜೋಬಿಯಂ ಬೇಕು, ಹಿಂದೆಂದೂ ಕ್ಲೋವರ್ ಕಾಣದ ಹೊಲದಲ್ಲಿ ಅದು ಸಾಕಷ್ಟು ಇರುವುದಿಲ್ಲ. ಬೀಜಕ್ಕೆ ಕಲ್ಚರ್, ಅಂದರೆ ಆ ಬ್ಯಾಕ್ಟೀರಿಯ ಇರುವ ಪುಡಿ, ಹಚ್ಚದೆ ಬಿತ್ತಿದರೆ ಗಿಡ ಹಳದಿ ತಿರುಗಿ ನಿಲ್ಲುತ್ತದೆ, ಗೊಬ್ಬರ ಕೊಡುವ ಬದಲು ಗೊಬ್ಬರ ಬೇಡುತ್ತದೆ. ತೊಗರಿ, ಹೆಸರು, ಉದ್ದು, ಅಲಸಂದಿ, ಸೆಣಬು (ಗೋಣಿಯ ಜೂಟ್ ಅಲ್ಲ, ಸನ್‌ಹೆಂಪ್) ಇವೆಲ್ಲ ಬೇರೊಂದು ಬಳಗ. ಆ ಬಳಗದ ಬ್ಯಾಕ್ಟೀರಿಯ ತಲೆಮಾರುಗಳಿಂದ ನಮ್ಮ ಮಣ್ಣಲ್ಲೇ ಇವೆ.

ಆ ವಿಡಿಯೊ ಪೂರ್ತಿ ಹೇಳದ ವಿಷಯವೊಂದಿದೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಹೆಸರಾದ ನಾರ್ಫೋಕ್ ಪದ್ಧತಿಯಲ್ಲಿ ಗೋಧಿ, ಟರ್ನಿಪ್ ಗಡ್ಡೆ, ಬಾರ್ಲಿ, ಕ್ಲೋವರ್ ಹೀಗೆ ನಾಲ್ಕು ವರ್ಷದ ಸರದಿ ಇತ್ತು. ಗಡ್ಡೆ ಮತ್ತು ಕ್ಲೋವರ್ ಕುರಿ ದನಗಳ ಹೊಟ್ಟೆಗೆ ಹೋಗಿ, ಹೆಂಡಿ ಹಿಕ್ಕೆಯಾಗಿ ಅದೇ ನೆಲಕ್ಕೆ ಮರಳುತ್ತಿದ್ದವು. ಭೂಮಿ ಎದ್ದು ನಿಂತದ್ದು ಈ ಸುತ್ತಿನಿಂದ, ಕ್ಲೋವರ್ ಅದರಲ್ಲಿ ಒಂದು ಕೊಂಡಿ ಮಾತ್ರ. ಹೆಸರು ಹರಿದ ಮೇಲೆ ಹಿಂಗಾರಿ ಜೋಳ, ತೊಗರಿ ಸಾಲಿನ ನಡುವೆ ಅಕ್ಕಡಿ, ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಕೂಡಿಸುವುದು, ಇವು ನಮ್ಮಲ್ಲೂ ಇದ್ದ ಅದೇ ಸುತ್ತು. ಅದನ್ನು ಒಂದೊಂದಾಗಿ ಬಿಟ್ಟುಕೊಟ್ಟು ಈಗ ಪರದೇಶದ ಬೀಜ ಹುಡುಕುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಇಷ್ಟು ಹೇಳಿದ ಕೂಡಲೇ ಎರಡನೇ ಮಾತು ಬರುತ್ತದೆ: "ತೊಗರಿನೇ ಭೂಮಿಗಿ ಸಾರಜನಕ ಕೊಡ್ತದಲ್ರಿ, ಮತ್ತ ಗೊಬ್ಬರ ಯಾಕ್ರಿ?"

ಲೆಕ್ಕ ಹಾಕಿ. ತೊಗರಿ ಕಾಳಿನಲ್ಲಿ ನೂರಕ್ಕೆ ಸುಮಾರು 22 ಭಾಗ ಪ್ರೋಟೀನು. ಅಂದರೆ ಒಂದು ಕ್ವಿಂಟಲ್ ಕಾಳಿನಲ್ಲಿ ಸುಮಾರು 3.5 ಕೆಜಿ ಸಾರಜನಕ ಇರುತ್ತದೆ. ಎಕರೆಗೆ 5 ಕ್ವಿಂಟಲ್ ಬಂದರೆ 17 ಕೆಜಿಗೂ ಮಿಕ್ಕಿದ ಸಾರಜನಕ ಚೀಲದಲ್ಲಿ ತುಂಬಿ ಅಡತಿಗೆ ಹೋಯಿತು. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವುದು 20.7 ಕೆಜಿ. ಗಿಡ ಗಾಳಿಯಿಂದ ಹಿಡಿದದ್ದರಲ್ಲಿ ದೊಡ್ಡ ಪಾಲು ಕಾಳಿಗೇ ಸೇರಿರುತ್ತದೆ. ಭೂಮಿಗೆ ಉಳಿಯುವುದು ಬೇರು, ಉದುರಿದ ಎಲೆ, ಸಿಪ್ಪೆ. ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ, ಮಿಕ್ಕದ್ದು ಬದುವಿನಲ್ಲಿ ಬೆಂಕಿಗೆ ಹೋದರೆ ಭೂಮಿಗೆ ಏನು ಬಂತು? ಇದರ ಜೊತೆ ರಂಜಕ, ಸತು, ಗಂಧಕ ಯಾವುದನ್ನೂ ಗಾಳಿಯಿಂದ ಹಿಡಿಯಲು ಬರುವುದಿಲ್ಲ. ವರ್ಷ ವರ್ಷ ತೊಗರಿ ಮೇಲೆ ತೊಗರಿ ಹಾಕಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ಮನೆ ಮಾಡುತ್ತದೆ, ಅದು ಬೇರೆಯೇ ನಷ್ಟ.

ತಿಪ್ಪಿ ಗೊಬ್ಬರದ ವಿಷಯದಲ್ಲೂ ಲೆಕ್ಕ ತಪ್ಪುವವರೇ ಹೆಚ್ಚು. ಒಳ್ಳೆಯ ಗೊಬ್ಬರದಲ್ಲಿ ನೂರಕ್ಕೆ ಸುಮಾರು 0.5 ಭಾಗ ಸಾರಜನಕ. 2.5 ಟನ್ನಿನ ಒಂದು ಟ್ರಾಲಿಯಲ್ಲಿ 12–13 ಕೆಜಿ. ಮೊದಲ ವರ್ಷ ಬೆಳೆಗೆ ದಕ್ಕುವುದು ಅದರಲ್ಲಿ ಮೂರನೇ ಒಂದು ಪಾಲಿನಷ್ಟು. ಹಾಗಾದರೆ ಹಾಕುವುದೇಕೆ? ನೀರು ಹಿಡಿಯಲಿಕ್ಕೆ, ಹೆಂಟೆ ಒಡೆಯಲಿಕ್ಕೆ, ಸುಣ್ಣದ ಅಂಶ ಜಾಸ್ತಿಯಿರುವ ಎರಿ ಮಣ್ಣಲ್ಲಿ ಸಿಕ್ಕಿಬಿದ್ದ ರಂಜಕ, ಸತುವನ್ನು ಬೇರಿಗೆ ಬಿಡಿಸಿಕೊಡಲಿಕ್ಕೆ. ಒಣಬೇಸಾಯಕ್ಕೆ ಎಕರೆಗೆ 2.5ರಿಂದ 3 ಟನ್, ಪ್ರತಿ ವರ್ಷ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಹೊಲದಲ್ಲಿ ಮೂರು ವರ್ಷದ್ದನ್ನು ಒಮ್ಮೆಗೇ ಸುರಿಯಬೇಡಿ. ಹಗುರ ಮಣ್ಣಲ್ಲಿ ಗೊಬ್ಬರ ಬೇಗ ಕರಗಿಹೋಗುತ್ತದೆ, ಸ್ವಲ್ಪ ಸ್ವಲ್ಪ ಪ್ರತಿ ವರ್ಷ ಕೊಡಬೇಕು.

ಗೊಬ್ಬರ ಹಾಳಾಗುವುದು ಎರಡು ಕಡೆ. ಮೊದಲನೆಯದು ತಿಪ್ಪಿಯಲ್ಲೇ. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಉಚ್ಚೆಯಲ್ಲಿರುತ್ತದೆ, ಅದನ್ನು ಹಿಡಿಯುವವರಿಲ್ಲ. ಕೊಟ್ಟಿಗೆಯಲ್ಲಿ ದನದ ಕೆಳಗೆ ಹೊಟ್ಟು, ತಿಂದುಳಿದ ಸೊಪ್ಪಿ ಹರವಿ, ಮುಂಜಾನೆ ಹೆಂಡಿ ಜೊತೆ ಬಳಿದು ಗುಂಡಿಗೆ ಹಾಕಿ. ಗುಂಡಿ 3 ಅಡಿ ಆಳ, 6 ಅಡಿ ಅಗಲ ಇದ್ದರೆ ಸಾಕು, ಉದ್ದ ದನದ ಸಂಖ್ಯೆ ನೋಡಿ. ಮೇಲೆ ನೆರಳು, ಸುತ್ತ ಮಳೆನೀರು ನುಗ್ಗದಂತೆ ಒಡ್ಡು. ಒಂದು ತುದಿಯಿಂದ ತುಂಬುತ್ತ ಬಂದು, ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ಬಂದಾಗ ಮಣ್ಣು ಹೆಂಡಿ ಕಲಸಿ ಮೆತ್ತಿ. ನಾಲ್ಕೈದು ತಿಂಗಳಿಗೆ ಕಳಿಯುತ್ತದೆ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ವಾಸನೆ ಹಸಿ ಮಣ್ಣಿನದಿರಬೇಕು. ಅರೆಬರೆ ಕಳಿತದ್ದನ್ನು ಹಾಕಿದರೆ ಗೆದ್ದಲು, ಗೊಣ್ಣೆ ಹುಳ, ಕಸದ ಬೀಜ ಮೂರೂ ಜೊತೆಗೇ ಬರುತ್ತವೆ. ಜೋಳದ ದಂಟು, ಹತ್ತಿ ಕಟ್ಟಿಗೆ ಹಸಿಯಾಗಿಯೇ ಉಳಿದಿದ್ದರೆ ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಿಂದು ಬೆಳೆಯನ್ನು ಉಪವಾಸ ಕೆಡವುತ್ತವೆ.

ಎರಡನೆಯದು ಹೊಲದಲ್ಲಿ. ಯುಗಾದಿ ಆಗುತ್ತಲೇ ಗುಂಪಿ ಗುಂಪಿ ಸುರಿದು, ಜೂನ್ ತಿಂಗಳ ಮಿರಗದ (ಮೃಗಶಿರ) ಮಳೆ ಬರುವ ತನಕ ಬಿಡುತ್ತಾರೆ. ಎರಡು ತಿಂಗಳ ಬಿಸಿಲು, ಮೇಲೆ ಕ್ಷಾರದ ಮಣ್ಣು! ಇದ್ದ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ಗುಂಪಿ ಇದ್ದ ಜಾಗದಲ್ಲಿ ಮಾತ್ರ ಬೆಳೆ ಸೊಕ್ಕಿ ಬೆಳೆದದ್ದನ್ನು ನೀವೇ ನೋಡಿದ್ದೀರಿ. ಬಿತ್ತುವುದಕ್ಕೆ 15–20 ದಿನ ಮೊದಲು ಹೇರಿ, ಅಂದೇ ಹರವಿ, ಅಂದೇ ಕುಂಟಿ ಹೊಡೆದು ಮುಚ್ಚಿ. ಕುರಿ ಕೂಡಿಸಿದರೂ ಇದೇ ಮಾತು. ಕುರಿ ಗೊಬ್ಬರದಲ್ಲಿ ನೂರಕ್ಕೆ 3ರಷ್ಟು ಸಾರಜನಕ ಇರುತ್ತದೆ, ಆದರೆ ಕುರಿ ಮಂದೆ ಎದ್ದು ಹೋದ ಮೇಲೆ ವಾರಗಟ್ಟಲೆ ಹರಗದೆ ಬಿಟ್ಟರೆ ಕುರುಬರಿಗೆ ಕೊಟ್ಟ ರೊಕ್ಕ ಗಾಳಿಗೆ ಹೋದಂತೆ.

ಈಗ ನನಗೆ ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ: ಹಸಿರು ಗೊಬ್ಬರವನ್ನು, ಅಂದರೆ ಗೊಬ್ಬರಕ್ಕೆಂದೇ ಬೆಳೆದ ಹಸಿ ಗಿಡವನ್ನು, ಯಾವತ್ತು ಮುರಿದು ಮಣ್ಣಿಗೆ ಸೇರಿಸಬೇಕು?

ಈ ಸೀಮೆಯಲ್ಲಿ ಹಸಿರು ಗೊಬ್ಬರ ಗೆಲ್ಲುವುದೂ ಸೋಲುವುದೂ ತಾರೀಕಿನ ಮೇಲೆ. ಕ್ಲೋವರ್ ನಾಡಿನಲ್ಲಿ ನೀರಿನ ಚಿಂತೆಯಿಲ್ಲ, ಗಿಡ ಎಷ್ಟು ಕುಡಿದರೂ ಮತ್ತೆ ಮಳೆ ಬರುತ್ತದೆ. ನಮ್ಮ ಹಿಂಗಾರಿ ಜೋಳ ನಿಂತಿರುವುದು ಎರಿ ಮಣ್ಣು ಮಳೆಗಾಲದಲ್ಲಿ ನುಂಗಿಟ್ಟ ನೀರಿನ ಮೇಲೆ. ಹಸಿರು ಗೊಬ್ಬರದ ಗಿಡವೂ ಅದೇ ನೀರು ಕುಡಿಯುತ್ತದೆ. ತಡವಾಗಿ ಮುರಿದರೆ ಸಾರಜನಕ ಕೊಟ್ಟು ನೀರು ಕಿತ್ತುಕೊಂಡಂತೆ, ಜೋಳ ಹುಟ್ಟುವುದೇ ಕಷ್ಟ.

ಮುಂಗಾರಿಯಲ್ಲಿ ಖಾಲಿ ಬಿಡುವ ಹೊಲಕ್ಕೆ ಸೆಣಬು ಸರಿ. ಮಿರಗದ ಮಳೆಗೆ, ಜೂನ್ 20ರ ಒಳಗೆ, ಎಕರೆಗೆ 12ರಿಂದ 15 ಕೆಜಿ ಬೀಜ ಬಿತ್ತಿ. ಬೀಜವನ್ನು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಜೋಳಕ್ಕೆ ಹಾಕಬೇಕೆಂದಿದ್ದ ಸೂಪರ್ ಫಾಸ್ಫೇಟ್ ಒಂದು ಚೀಲವನ್ನು ಸೆಣಬಿಗೇ ಕೊಡಿ. ರಂಜಕ ಸಿಕ್ಕರೆ ಗಂಟು ಚೆನ್ನಾಗಿ ಕಟ್ಟುತ್ತದೆ, ಆ ರಂಜಕ ಸೊಪ್ಪಿನ ಮೂಲಕ ಜೋಳಕ್ಕೇ ಬರುತ್ತದೆ. ರಾಕ್ ಫಾಸ್ಫೇಟ್ ತರಬೇಡಿ, ಅದು ಆಮ್ಲದ ಮಣ್ಣಿನಲ್ಲಿ ಕರಗುವ ಸಾಮಾನು, ಎರಿಯಲ್ಲಿ ಕಲ್ಲಾಗಿಯೇ ಬಿದ್ದಿರುತ್ತದೆ.

30 ದಿನಕ್ಕೆ ನಾಲ್ಕಾರು ಗಿಡ ಅಗೆದು ತೆಗೆಯಿರಿ. ಜಗ್ಗಿ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ, ಆಮೇಲೆ "ಗಂಟೇ ಇಲ್ರಿ" ಅಂತ ಫೋನು ಮಾಡುತ್ತೀರಿ. ಗಂಟನ್ನು ಉಗುರಿನಿಂದ ಸೀಳಿ: ಒಳಗೆ ಕೆಂಪು ಇದ್ದರೆ ಕೆಲಸ ನಡೆದಿದೆ, ಬಿಳಿ ಅಥವಾ ಹಸಿರಿದ್ದರೆ ಇಲ್ಲ. ಇಲ್ಲದಿದ್ದರೆ ಮುಂದಿನ ವರ್ಷ ಬೀಜಕ್ಕೆ ಕಲ್ಚರ್ ಹಚ್ಚಿ. ಬೆಲ್ಲದ ತೆಳು ನೀರು ಕುದಿಸಿ, ಪೂರ್ತಿ ಆರಿಸಿ, ಎಕರೆಯ ಬೀಜಕ್ಕೆ 200 ಗ್ರಾಂ ಪೊಟ್ಟಣ ಕಲಸಿ, ನೆರಳಲ್ಲಿ ಒಣಗಿಸಿ ಅಂದೇ ಬಿತ್ತಬೇಕು. ಬಿಸಿ ಪಾಕಕ್ಕೆ ಕಲಸಿದರೆ ಬ್ಯಾಕ್ಟೀರಿಯ ಸಾಯುತ್ತದೆ.

45–50 ದಿನಕ್ಕೆ ಮೊದಲ ಹೂ ಕಾಣುತ್ತದೆ, ಆಗ ಆಶ್ಲೇಷ ಮಳೆಯ ಹೊತ್ತು. ಆಗಸ್ಟ್ 10ರೊಳಗೆ ಮುರಿಯಬೇಕು. ಕಾಂಡ ಮಡಚಿ ನೋಡಿ: ಲಟಕ್ಕನೆ ಮುರಿದರೆ ಸರಿಯಾದ ಹೊತ್ತು, ನಾರು ಹಿಡಿದು ಜೋತಾಡಿದರೆ ತಡವಾಗಿದೆ. ಸೆಣಬು ನಾರಿನ ಗಿಡ, ಬಲಿತ ಮೇಲೆ ರೋಟಾವೇಟರಿನ ದಂಡೆಗೆ ಸುತ್ತಿಕೊಂಡು ಟ್ರ್ಯಾಕ್ಟರ್ ನಿಲ್ಲಿಸುತ್ತದೆ, ಮಣ್ಣಲ್ಲಿ ಹೋದರೂ ಬೇಗ ಕಳಿಯುವುದಿಲ್ಲ. ಎಷ್ಟು ಸೊಪ್ಪು ಬಂತು ಎಂದು ತಿಳಿಯಲು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಕೊಯ್ದು ತೂಗಿ. ಒಂದು ಕೆಜಿ ತೂಗಿದರೆ ಎಕರೆಗೆ 4 ಟನ್. ಹಸಿ ಸೊಪ್ಪಿನಲ್ಲಿ ನೂರಕ್ಕೆ 0.4ಕ್ಕಿಂತ ತುಸು ಹೆಚ್ಚು ಸಾರಜನಕ, ಅಂದರೆ 16–17 ಕೆಜಿ. ಟ್ರಾಲಿ ಬಾಡಿಗೆ, ಹೇರುವ ಕೂಲಿ ಎರಡೂ ಇಲ್ಲ.

ಮುರಿದ ಮೇಲೆ ಸೆಪ್ಟೆಂಬರ್ ಮಧ್ಯದ ಉತ್ತರಿ ಮಳೆಯ ತನಕ ಐದು ವಾರ ಸಿಗುತ್ತದೆ. ಮಘಾ, ಹುಬ್ಬಿ ಮಳೆ ಸೊಪ್ಪನ್ನು ಕಳಿಸುತ್ತವೆ, ಕುಡಿದ ನೀರನ್ನೂ ತುಂಬಿಕೊಡುತ್ತವೆ. ನಡುವೆ ಎರಡು ಸಲ ಕುಂಟಿ, ಕೊನೆಗೆ ಕೊರಡು ಹೊಡೆಯಿರಿ. ಕೊರಡು ಹೊಡೆಯದಿದ್ದರೆ ಸೊಪ್ಪಿನ ನಡುವೆ ಪೊಳ್ಳು ಉಳಿದು ಜೋಳದ ಕಾಳಿಗೆ ಹಸಿ ತಾಗುವುದಿಲ್ಲ.

ಖಾಲಿ ಬಿಡಲಾಗದವರಿಗೆ ಹೆಸರು ಇದೆ. 65–70 ದಿನಕ್ಕೆ ಕಾಯಿ ಹರಿದು, ಬಳ್ಳಿ ಹಸಿ ಇರುವಾಗಲೇ ಮಗುಚಿ. ಸಾರಜನಕ ಸೆಣಬಿನಷ್ಟು ಬರುವುದಿಲ್ಲ, ಕೈಗೆ ಕಾಳು ಬರುತ್ತದೆ. ತೊಗರಿ ಹೊಲದಲ್ಲಿ ಅಕ್ಕಡಿ ಹೆಸರು ಹಾಕಿದವರೂ ಕಾಯಿ ಹರಿದ ಮೇಲೆ ಎಡಿ ಹೊಡೆದು ಬಳ್ಳಿಯನ್ನು ಸಾಲಿನಲ್ಲೇ ಮುಚ್ಚಬಹುದು. ಶಹಾಪುರ, ಸುರಪುರದ ಕಾಲುವೆ ಕೆಳಗಿನ ಭತ್ತದ ಗದ್ದೆಗೆ ಸೆಣಬು ಹಾಕಬೇಡಿ, ನೀರು ನಿಂತರೆ ಸಾಯುತ್ತದೆ. ಅಲ್ಲಿಗೆ ಡಯಾಂಚ ಎಂಬ ಇನ್ನೊಂದು ಹಸಿರು ಗೊಬ್ಬರದ ಗಿಡ, ಎಕರೆಗೆ 20 ಕೆಜಿ ಬೀಜ. ಸವುಳು ಹಿಡಿದ ಗದ್ದೆಗೂ ಅದು ತಾಳುತ್ತದೆ. 45 ದಿನಕ್ಕೆ ನೀರು ನಿಲ್ಲಿಸಿ ಕೆಸರಿನಲ್ಲೇ ತುಳಿಸಿ, ವಾರ ಹತ್ತು ದಿನ ಬಿಟ್ಟು ನಾಟಿ ಮಾಡಿ.

ಮಳೆ ಕೈಕೊಟ್ಟರೆ? ಜುಲೈ ಕೊನೆಗೆ ಮೋಡ ಇಲ್ಲದೆ ಗಿಡ ಮೊಣಕಾಲು ಮಟ್ಟದಲ್ಲೇ ನಿಂತಿದ್ದರೆ, ಹೂವಿಗೆ ಕಾಯದೆ 35 ದಿನಕ್ಕೇ ಮುರಿಯಿರಿ. ಸೊಪ್ಪು ಕಡಿಮೆ, ಆದರೆ ನೀರು ಉಳಿಯಿತು. ಟ್ರ್ಯಾಕ್ಟರ್ ಸಿಗದೆ ಆಗಸ್ಟ್ 20 ದಾಟಿತು ಅನ್ನಿ, ಆಗ ಅದನ್ನು ಮಣ್ಣಿಗೆ ಸೇರಿಸಲು ಹೋಗಬೇಡಿ. ಬುಡಕ್ಕೆ ಕೊಯ್ದು, ಬೇರು ಮಣ್ಣಲ್ಲೇ ಬಿಟ್ಟು, ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿ. ಒಂದು ಗೇಣು ಸೊಪ್ಪು, ಅದರ ಮೇಲೆ ನಾಲ್ಕು ಬೆರಳು ಹೆಂಡಿ, ಹೀಗೆ ಪದರ ಪದರ. ಕಾಯಿ ಕಟ್ಟಿದ ಸೆಣಬನ್ನು ದನಕ್ಕೆ ಮಾತ್ರ ಹಾಕಬೇಡಿ, ಅದರ ಬೀಜದಲ್ಲಿ ವಿಷವಿದೆ. ಆ ವರ್ಷದ ಜೋಳಕ್ಕೆ ಅರ್ಧ ಚೀಲ ಯೂರಿಯಾ ಕೊಟ್ಟು ಬಿತ್ತಿ. ಗುಂಡಿಯ ಸೊಪ್ಪು ಬರುವ ಮಿರಗದ ಹೊತ್ತಿಗೆ ಗೊಬ್ಬರವಾಗಿ ಅದೇ ಹೊಲಕ್ಕೆ ಹೋಗುತ್ತದೆ.